ಅವ್ವನ ಕೌದಿ, ಸರ್ಕಾರದ ವಜೀಫಾ

ಕತ್ತಲೆಗೆ, ನಾಯಿಗೆ, ಬಾವಿಗೆ ಹೆದರುವವರು ಎಲ್ಲ ಊರಲ್ಲೂ ಇರುತ್ತಾರೆ. ನಾನು ಹೆದರುತ್ತಿದ್ದದ್ದು ಕಾಗದಕ್ಕೆ. ಉರ್ದುವಿನಲ್ಲಿ ಬರೆದು ಕೆಳಗೆ ಮೊಹರು ಒತ್ತಿದ ಕಾಗದ ಕಂಡರೆ ಸಾಕು, ನಾನು ದಾರಿ ಬದಲಿಸುತ್ತಿದ್ದೆ. ನಿಜಾಮರ ಕಾಲದಲ್ಲಿ ಇಂಥವನು ಬದುಕುವುದು ಸುಲಭವಲ್ಲ, ಯಾಕೆಂದರೆ ಎಲ್ಲದಕ್ಕೂ ಅಂಥದೇ ಕಾಗದ.

ನನಗೆ ಹದಿನೈದು ತುಂಬಿದ ವರ್ಷ ಲಿಂಗಸುಗೂರಿನ ಶಾಲೆಯಲ್ಲಿ ನನ್ನ ಹೆಸರಿಗೇ ಒಂದು ಬಂತು. ಕೆಟ್ಟದ್ದೇನೂ ಅಲ್ಲ, ಸರ್ಕಾರದ ವಜೀಫಾ, ಅಂದರೆ ವಿದ್ಯಾರ್ಥಿವೇತನ, ಮಂಜೂರಾಗಿತ್ತು. ಬೋರ್ಡಿಂಗಿನ ಊಟ, ಫೀಸು, ಪುಸ್ತಕ ಎಲ್ಲ ಅದರಲ್ಲೇ ಆಗಬೇಕು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಸಾಲಗುಂದದ ಮನೆಯಲ್ಲಿ ಅವ್ವ ಮತ್ತು ಐದು ವರ್ಷದ ತಂಗಿ ಇದ್ದರು. ವಜೀಫಾ ನಿಂತರೆ ನಾನು ಊರಿಗೆ ಮರಳಿ ಎತ್ತಿನ ಹಿಂದೆ ನಡೆಯಬೇಕಿತ್ತು. ಎತ್ತಿಗೂ ಹೆದರುತ್ತಿದ್ದೆನಾದ್ದರಿಂದ ಅದು ನನ್ನಿಂದ ಆಗುವ ಕೆಲಸವಾಗಿರಲಿಲ್ಲ.

ಹೆಡ್ ಮಾಸ್ತರು ಕ್ಲಾಸಿನೊಳಗೆ ಉರ್ದು, ವರಾಂಡಕ್ಕೆ ಬಂದರೆ ಕನ್ನಡ ಮಾತಾಡುವ ಮನುಷ್ಯ. ವಜೀಫಾ ಸಿಕ್ಕ ನಮ್ಮಿಬ್ಬರನ್ನು ವರಾಂಡಕ್ಕೆ ಕರೆದು ಷರತ್ತು ಬಿಡಿಸಿ ಹೇಳಿದರು. "ನಾಕರಾಗ ಮೂರು ಪಾಲು ದಿನ ಹಾಜರಿ ಇರಬೇಕು. ಆರು ತಿಂಗಳ ಪರೀಕ್ಷಾದಾಗ, ವರ್ಷದ ಪರೀಕ್ಷಾದಾಗ ಒಂದರಾಗೂ ನಪಾಸ ಆಗಬಾರದು. ಸುಳ್ಳು, ಕಳವು ಇಂಥಾದ್ದು ಇರಬಾರದು. ಪರೀಕ್ಷಾಕ್ಕ ಬರಲಿಲ್ಲಂದ್ರ ವಜೀಫಾ ಬಂದ್. ಉಳಿದದ್ದು ಗ್ವಾಡಿ ಮ್ಯಾಲ ಹಚ್ಚೀನಿ, ಓದಿಕೊಳ್ರಿ."

ನಾನು ಆ ಗೋಡೆಯ ಹತ್ತಿರವೂ ಸುಳಿಯಲಿಲ್ಲ. 'ಬಂದ್' ಅನ್ನುವ ಮಾತು ಕೇಳಿದ ಮೇಲೆ ನನಗೆ ಇನ್ನೇನೂ ಓದುವುದು ಬೇಕಾಗಿರಲಿಲ್ಲ.

ಓದಿದವನು ನನ್ನ ಜೊತೆಗಾರ. ಅವನು ಮಸ್ಕಿಯವ. ಅವನ ತಾಯಿ ಗಂಡ ಸತ್ತ ಮೇಲೆ ಮನೆಯಲ್ಲೇ ಮಂಡಾಳು, ಅಂದರೆ ಮಂಡಕ್ಕಿ, ಹುರಿದು ಸಂತೆಯಲ್ಲಿ ಮಾರುತ್ತಿದ್ದಳು. ಉರ್ದು ಅಕ್ಷರ ಅವನ ಕೈಯಲ್ಲಿ ನೀರು ಹರಿದಂತೆ ಹರಿಯುತ್ತಿತ್ತು. ನನಗೆ ಅವನು ಉರ್ದು ಹೇಳಿಕೊಡುತ್ತಿದ್ದ, ಅವನಿಗೆ ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಅವನಿಲ್ಲದಿದ್ದರೆ ನಾನು ಮೊದಲ ತಿಂಗಳೇ ಉರ್ದುವಿನಲ್ಲಿ ಮಕಾಡೆ ಬೀಳುತ್ತಿದ್ದೆ. ಅವನು ನಗುಮುಖದವ. ನನ್ನ ಹೆದರಿಕೆ ಕಂಡರಂತೂ ಅವನಿಗೆ ಹಬ್ಬ. "ಲೇ, ನಿನ್ನ ಹಾಜರಿ ಕೂಗೋದ್ರಾಗ ನಿನ್ನ ಜೀವ ಹೋಗಿರ್ತೈತಿ ನೋಡು," ಎಂದು ಕಾಡುತ್ತಿದ್ದ.

ಆರು ತಿಂಗಳ ಪರೀಕ್ಷೆ ಎಳ್ಳಮಾಸಿಯಾಗಿ ಐದನೆಯ ದಿನಕ್ಕೆ ಬಿತ್ತು. ಆ ಅಮಾವಾಸ್ಯೆಯ ಹಬ್ಬಕ್ಕೆ ನಾನು ಊರಿಗೆ ಹೋದೆ. ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕೂತು ಹೊಟ್ಟೆ ಭರ್ತಿ ಉಂಡೆವು. ತಂಗಿ ಮಾತ್ರ ಏನೂ ಉಣ್ಣದೆ ಅವ್ವನ ತೊಡೆಯ ಮೇಲೆ ಮಲಗಿದ್ದಳು. ಎರಡು ದಿನದಿಂದ ಮೈ ಕೆಂಡ. ರಾಯಚೂರು ಕಡೆಯ ಎರೆಹೊಲದ ಗಾಳಿ ಆ ತಿಂಗಳಲ್ಲಿ ಎಲುಬಿಗೆ ತಾಗುತ್ತದೆ, ಅದಕ್ಕೇ ಅವ್ವ ಅವಳಿಗೆ ದಪ್ಪನೆಯ ಕೌದಿ ಹೊದಿಸಿದ್ದಳು. ಹಳೆಯ ಸೀರೆಯ ತುಂಡುಗಳನ್ನು ಹಚ್ಚಿ, ನಡುವೆ ಅಪ್ಪನ ಕೆಂಪು ರುಮಾಲಿನ ಚೌಕವಿಟ್ಟು ಹೊಲಿದ ಕೌದಿ ಅದು.

ಮರುದಿನ ತಂಗಿಯ ಹಣೆಯ ಮೇಲೆ ಗುಳ್ಳೆ ಎದ್ದವು. ಅವ್ವ ಬಾಗಿಲಿಗೆ ಬೇವಿನ ತೊಪ್ಪಲು ಸಿಕ್ಕಿಸಿದಳು. ಒಲೆಯ ಮೇಲೆ ಒಗ್ಗರಣೆ ನಿಂತಿತು. ಕೌದಿ ತೆಗೆದು ಹಿತ್ತಲ ಗೋಡೆಯ ಮೇಲೆ ಹಾಕಿ, ತಂಗಿಯನ್ನು ಬಿಳಿಯ ಬಟ್ಟೆಯ ಮೇಲೆ ಮಲಗಿಸಿದಳು. ಆಮೇಲೆ ನನ್ನ ಕಡೆ ನೋಡಿದಳು.

"ಅಮ್ಮ ಬಂದಾಳ ಮನಿಗೆ. ಆಕಿ ಹೋಗೂತನಕ ನೀರಿಗೆ ಬಿಟ್ರ ಯಾರೂ ಹೊಸ್ತಿಲಾ ದಾಟಂಗಿಲ್ಲ."

"ಪರೀಕ್ಷಾ ಐತಬೇ. ಹೋಗಲಿಲ್ಲಂದ್ರ ವಜೀಫಾ ಬಂದ್ ಆಗತೈತಿ."

"ಆಕೀನ ಮನ್ಯಾಗ ಕುಂದ್ರಿಸಿ ನೀ ಊರು ತಿರಗಾಕ ಹೋದ್ರ ಮುನೀತಾಳ. ಮುನಿದ್ರ ಈ ಕೂಸು ಉಳಿಯಂಗಿಲ್ಲ. ಪರೀಕ್ಷಾ ಅಂತ ಪರೀಕ್ಷಾ!"

ಎರಡು ದಿನ ನಾನು ಮೂಲೆಯಲ್ಲಿ ಕೂತೆ. ಒಂದು ಕಡೆ ಸಿಡುಬಿನ ತಾಯಿ, ಇನ್ನೊಂದು ಕಡೆ ಮೊಹರಿನ ಕಾಗದ. ನಾಚಿಕೆಗೇಡಿನ ಮಾತಾದರೂ ಹೇಳುತ್ತೇನೆ, ನನಗೆ ಕಾಗದದ ಹೆದರಿಕೆಯೇ ಹೆಚ್ಚಾಯಿತು. ಮೂರನೆಯ ದಿನ ನಸುಕಿನಲ್ಲಿ ಅವ್ವ ನೀರಿಗೆ ಹೋದಾಗ ಪುಸ್ತಕದ ಗಂಟು ಹಿಡಿದು ಹಿತ್ತಲಿನಿಂದ ಹೊರಬಿದ್ದೆ. ಹಲ್ಲು ಕಟಕಟ ಎನ್ನುವ ಚಳಿ. ಗೋಡೆಯ ಮೇಲೆ ಕೌದಿ ಕಂಡಿತು, ಎಳೆದು ಹೆಗಲಿಗೆ ಹಾಕಿಕೊಂಡೆ. ತಂಗಿ ಒಳಗಿನಿಂದ ನೀರು ಕೇಳುತ್ತಿದ್ದಳು. ನಾನು ನಿಲ್ಲಲಿಲ್ಲ.

ಸಿಂಧನೂರಿನ ತನಕ ನಡೆದು, ಅಲ್ಲಿ ಲಿಂಗಸುಗೂರಿನ ಮೋಟಾರು ಹತ್ತಿದೆ. ಮಸ್ಕಿಯಲ್ಲಿ ಜೊತೆಗಾರ ಹತ್ತಿದ. ಕೈಯಲ್ಲಿ ಮಂಡಾಳಿನ ಚೀಲ, ಮೈಮೇಲೆ ಒಂದು ತೆಳ್ಳನೆಯ ದುಪ್ಪಟಿ. ನನ್ನ ಪಕ್ಕಕ್ಕೆ ಒತ್ತರಿಸಿ ಕೂತು, ಕೇಳದೆಯೇ ಕೌದಿಯ ಅರ್ಧ ಎಳೆದುಕೊಂಡ.

"ಯಾಕಲೇ, ಮಾರಿ ಹಿಂಗ್ಯಾಕ ಆಗೈತಿ? ಊರಾಗ ಏನಾರ ಆಗೈತೇನು?"

"ಏನಿಲ್ಲ. ಉರ್ದು ನೆನಸ್ಕೊಂಡ್ರ ಜೀವ ಹೋಗಾಕತ್ತೈತಿ."

ಅವನು ನಕ್ಕು, ಬೊಗಸೆ ತುಂಬ ಮಂಡಾಳು ಕೊಟ್ಟು, ಲಿಂಗಸುಗೂರು ಬರುವ ತನಕ ನನ್ನಿಂದ ಪಾಠ ಒಪ್ಪಿಸಿಕೊಂಡ.

ಶಾಲೆಯ ಬಾಗಿಲಲ್ಲಿ ಹೆಡ್ ಮಾಸ್ತರು ನಿಂತಿದ್ದರು. ರಜೆಯಿಂದ ಬಂದ ಪ್ರತಿಯೊಬ್ಬನನ್ನೂ ಮನೆಯಲ್ಲಿ ಕ್ಷೇಮವೇ ಎಂಬ ಒಂದೇ ಮಾತು ಕೇಳಿ ಒಳಗೆ ಬಿಡುವುದು ಅವರ ರೂಢಿ. ಆ ವರ್ಷ ಅಲ್ಲಲ್ಲಿ ಸಿಡುಬಿನ ಸುದ್ದಿ ಇತ್ತು.

"ಮನ್ಯಾಗ ಎಲ್ಲಾ ಖೈರಿಯತ್?"

"ಖೈರಿಯತ್ ಜನಾಬ್," ಎಂದೆ. ಅಷ್ಟು ಸಲೀಸಾಗಿ ಉರ್ದು ಮಾತು ನನ್ನ ಬಾಯಿಂದ ಅದಕ್ಕೆ ಮೊದಲು ಎಂದೂ ಬಂದಿರಲಿಲ್ಲ.

ಪರೀಕ್ಷೆ ನಾಲ್ಕು ದಿನ ನಡೆಯಿತು. ಪ್ರತಿ ಬೆಳಿಗ್ಗೆ ನಾವಿಬ್ಬರೂ ಬೋರ್ಡಿಂಗಿನ ಹಿಂದೆ ಬಿಸಿಲು ಬೀಳುವ ಕಟ್ಟೆಯ ಮೇಲೆ ಒಂದೇ ಕೌದಿ ಹೊದ್ದು ಕೂತು ಓದುತ್ತಿದ್ದೆವು. ಅವನು ಕೌದಿಯ ತುದಿಯನ್ನು ಮೂಗಿನ ತನಕ ಎಳೆದುಕೊಂಡು, "ನಿಮ್ಮವ್ವ ಭಾಳ ಶ್ಯಾಣ್ಯಾಕಿ ಬಿಡಲೇ, ಎಷ್ಟು ಬೆಚ್ಚಗ ಹೊಲದಾಳ," ಎನ್ನುತ್ತಿದ್ದ. ನಾನು ಯಾರೂ ಕಾಣದ ಹಾಗೆ ನನ್ನ ಮೊಣಕೈ, ಹೊಟ್ಟೆ, ಹಣೆ ಸವರಿ ನೋಡಿಕೊಳ್ಳುತ್ತಿದ್ದೆ. ತಾಯಿ ಮುನಿದರೆ ನನ್ನ ಮೇಲೆ ತಾನೆ ಮುನಿಯಬೇಕು? ಗುಳ್ಳೆ ಎದ್ದರೆ ಪರೀಕ್ಷೆ ಮುಗಿದ ಮೇಲೆ ಏಳಲಿ ಎಂದು ಅವಳನ್ನೇ ಬೇಡಿಕೊಂಡೆ. ನನ್ನ ಪಕ್ಕದಲ್ಲಿ ಕೂತವನ ಯೋಚನೆ ಒಂದು ಸಲವೂ ಬರಲಿಲ್ಲ.

ಫಲಿತಾಂಶ ಬಂತು. ಇಬ್ಬರೂ ಪಾಸು. ಉರ್ದುವಿನಲ್ಲಿ ನಾನು ಕೂದಲೆಳೆಯಲ್ಲಿ ದಾಟಿದ್ದೆ. ಅದೇ ವಾರ ಊರಿನಿಂದ ಲಿಂಗಸುಗೂರು ಸಂತೆಗೆ ಬಂದವರ ಬಾಯಲ್ಲಿ, ಅಮ್ಮ ಇಳಿದಳು, ತಂಗಿಯ ಮೈಮೇಲೆ ನೀರು ಹಾಕಿದರು, ಕೂಸು ಉಳಿಯಿತು ಎಂಬ ಸುದ್ದಿ ಸಿಕ್ಕಿತು. ನಾನು ಗೆದ್ದೆ ಅಂದುಕೊಂಡೆ. ತಾಯಿಯನ್ನೂ ಕಾಗದವನ್ನೂ ಒಟ್ಟಿಗೆ ಗೆದ್ದಿದ್ದೆ. ಎರಡೇ ದಿನ ಆ ಸಂತೋಷ.

ಮೂರನೆಯ ದಿನ ಜೊತೆಗಾರ ಹಾಜರಿಗೆ ಏಳಲಿಲ್ಲ. ಮೈ ಸುಡುತ್ತಿತ್ತು, ಸೊಂಟ ಹಿಡಿದುಕೊಂಡು ನರಳುತ್ತಿದ್ದ. ಅವನ ಹಣೆಯ ಮೇಲೆ, ತಂಗಿಗೆ ಎದ್ದ ಜಾಗದಲ್ಲೇ, ಗುಳ್ಳೆ ಕಾಣಿಸಿದಾಗ ನಾನು ನನ್ನ ಅಂಗಿಯ ತೋಳು ಮೇಲೆ ಸರಿಸಿ ನೋಡಿಕೊಂಡೆ. ನನ್ನ ರಟ್ಟೆಯ ಮೇಲೆ ಚಿಕ್ಕಂದಿನಲ್ಲಿ ಹಾಕಿಸಿದ ಟೀಕಾದ, ಅಂದರೆ ಸಿಡುಬಿನ ಲಸಿಕೆಯ, ಕಲೆಗಳಿದ್ದವು. ಅವನಿಗೆ ಇರಲಿಲ್ಲ. ಟೀಕಾದವನು ಮಸ್ಕಿಗೆ ಬಂದಾಗ ಅವನ ತಾಯಿ ಅವನನ್ನು ಮಂಡಾಳಿನ ಭಟ್ಟಿಯ ಹಿಂದೆ ಬಚ್ಚಿಟ್ಟಿದ್ದಳು ಎಂದು ಅವನೇ ನಗುತ್ತ ಹೇಳಿದ್ದ. ಬಂಡಿಯಲ್ಲಿ ಹುಲ್ಲು ಹಾಸಿ ಅವನನ್ನು ಊರಿಗೆ ಒಯ್ದರು.

ಆ ದಿನ ಹೆಡ್ ಮಾಸ್ತರು ಕ್ಲಾಸಿನೊಳಗೇ ಕನ್ನಡದಲ್ಲಿ ಮಾತಾಡಿದರು. ಅದೇ ನನಗೆ ದೊಡ್ಡ ಹೆದರಿಕೆ.

"ಯಾರ ಮನ್ಯಾಗ ಸಿಡುಬು ಇತ್ತು? ಹೇಳ್ರಿ. ನಿಮ್ಮ ವಜೀಫಾಕ್ಕ ಏನೂ ಆಗಂಗಿಲ್ಲ. ಗ್ವಾಡಿ ಮ್ಯಾಲ ಹಚ್ಚಿದ್ದು ಯಾರೂ ಓದಿಲ್ಲೇನು? ಮನ್ಯಾಗ ಅಂಟುಬ್ಯಾನಿ ಇದ್ದವ ಊರ ಗೌಡನ ಚೀಟಿ ತಂದ್ರ ಹಾಜರಿ ಮಾಫ್, ಪರೀಕ್ಷಾ ಆಮ್ಯಾಲ ಬ್ಯಾರೆ ಇಡತೀವಿ ಅಂತ ಬರದೈತಿ."

ಗೌಡರ ಮನೆ ನಮ್ಮ ಮನೆಯಿಂದ ಮೂರನೆಯದು. ಚೀಟಿ ಬರೆಸಲು ಅರ್ಧ ಗಳಿಗೆಯ ಕೆಲಸ. ಮೋಟಾರಿನಲ್ಲಿ ಜೊತೆಗಾರನಿಗೆ ನಿಜ ಹೇಳಿದ್ದರೂ ಸಾಕಿತ್ತು, ಅವನು ಆ ಗೋಡೆಯ ಕಾಗದವನ್ನು ಕೊನೆಯ ತನಕ ಓದಿದವ. ಈಗ ಎದ್ದು ನಿಂತರೆ ಸುಳ್ಳು ಹೇಳಿದ್ದು ಹೊರಬೀಳುತ್ತದೆ, ಸುಳ್ಳು ಹೇಳಿದವನಿಗೆ ವಜೀಫಾ ಇಲ್ಲ. ಮಾಸ್ತರ ಕಣ್ಣು ನನ್ನ ಮೇಲೆ ಹಾದು ಮುಂದಿನ ಸಾಲಿಗೆ ಹೋಯಿತು. ನಾನು ಏಳದೆ ಉರ್ದು ಪುಸ್ತಕದ ಹಾಳೆ ತಿರುವಿದೆ.

ದಿನಾ ಹಾಜರಿಯಲ್ಲಿ ನನ್ನ ಹೆಸರಾದ ಕೂಡಲೇ ಅವನ ಹೆಸರು. ಮಾಸ್ತರು ಕೂಗಿ, ಒಂದು ಕ್ಷಣ ಕಾದು, 'ಬೀಮಾರ್' ಎಂದು ತಾವೇ ಬರೆದುಕೊಳ್ಳುತ್ತಿದ್ದರು. ಮೇಲಿನವರಿಗೆ ಅರ್ಜಿ ಬರೆದು ಅವನ ವಜೀಫಾ ಕಾಯ್ದಿಟ್ಟರು. ಅದು ವರ್ಷದ ಕೊನೆಯ ತನಕ ಅವನ ಹೆಸರಿನಲ್ಲೇ ಇತ್ತು. ಅವನು ಮಾತ್ರ ಬರಲಿಲ್ಲ. ಸಿಡುಬು ಅವನ ಜೀವ ಬಿಟ್ಟು ಕಣ್ಣು ತೆಗೆದುಕೊಂಡು ಹೋಗಿತ್ತು.

ಯುಗಾದಿಗೆ ಊರಿಗೆ ಹೋದಾಗ ಗಂಟಿನಿಂದ ಕೌದಿ ತೆಗೆದೆ. ಅವ್ವ ಕೈಲಿದ್ದ ಮೊರ ಕೆಳಗಿಟ್ಟಳು.

"ಇದನ್ನ ನೀ ಒಯ್ದಿದ್ದೇನು? ಸುಡಾಕಂತ ಗ್ವಾಡಿ ಮ್ಯಾಲ ಹಾಕಿದ್ದೆ. ಅಮ್ಮ ಮಲಗಿದ್ದ ಕೌದಿ ಅದು. ಯಾರಿಗಾರ ಹೊದಿಸಿದೇನು?"

ನಾನು ಗಂಟಿನ ಬಟ್ಟೆ ಮಡಚತೊಡಗಿದೆ. ಅವಳು ನನ್ನ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ಹಿತ್ತಲಿಗೆ ಒಯ್ದು ತಾನೇ ಬೆಂಕಿ ಹಚ್ಚಿದಳು. ಅಪ್ಪನ ಕೆಂಪು ರುಮಾಲು ಕೊನೆಗೆ ಸುಟ್ಟಿತು.

ನಾನು ವಜೀಫಾ ಕಳೆದುಕೊಳ್ಳಲಿಲ್ಲ. ಮೆಟ್ರಿಕ್ ಮುಗಿಯುವ ತನಕ ಒಂದು ವಿಷಯದಲ್ಲೂ ನಪಾಸಾಗಲಿಲ್ಲ, ಒಂದು ದಿನವೂ ಗೈರುಹಾಜರಾಗಲಿಲ್ಲ. ಜ್ವರದಲ್ಲೂ ಹೋಗಿ ಕೂತೆ. ಎಲ್ಲರೂ ನನ್ನನ್ನು ಭಾಳ ಹುರುಪಿನ ವಿದ್ಯಾರ್ಥಿ ಅಂದುಕೊಂಡರು. ಸಿಂಧನೂರಿಗೆ ಹೋಗಿಬರುವಾಗ ಮೋಟಾರು ಮಸ್ಕಿಯಲ್ಲಿ ನಿಂತರೆ ಮುಖದ ಮೇಲೆ ಟವೆಲು ಹಾಕಿಕೊಂಡು ನಿದ್ದೆ ಬಂದವನಂತೆ ಬಿದ್ದಿರುತ್ತಿದ್ದೆ.

ಮೂರನೆಯ ವರ್ಷ ಮೋಟಾರು ಕೆಟ್ಟು ಮಸ್ಕಿಯ ಸಂತೆಯ ಬಾಯಲ್ಲೇ ನಿಂತಿತು. ಇಳಿಯಲೇಬೇಕಾಯಿತು. ಅವನು ತಾಯಿಯ ಪಕ್ಕದಲ್ಲಿ ಕೂತು ಮಂಡಾಳು ಅಳೆಯುತ್ತಿದ್ದ. ಸೇರಿನ ಅಂಚನ್ನು ಬೆರಳಿನಿಂದ ಸವರಿ ನೋಡಿ ಚೀಲಕ್ಕೆ ಸುರಿಯುತ್ತಿದ್ದ. ಮುಖದ ತುಂಬ ಕುಳಿ. ದಾಟಿ ಹೋಗಬೇಕೆಂದು ಹೆಜ್ಜೆ ಕಿತ್ತೆ. ಎದುರಿಗೆ ಬಂದ ಬಂಡಿಯವನಿಗೆ "ಸರೀರಿ" ಎಂದೆ, ಅಷ್ಟೇ.

"ಲೇ!" ಎಂದು ಅವನು ಮುಖ ಎತ್ತಿದ. "ಪುಕ್ಕಲಾ! ನೀನಲ್ಲೇನು?"

ನಾನು ಅವನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅವನು ಕೈ ಚಾಚಿ ನನ್ನ ಹಣೆ, ಕೆನ್ನೆ ಸವರಿ ನೋಡಿದ. ಗೊತ್ತಾಗಿದೆ, ಈಗ ಹೇಳುತ್ತಾನೆ ಅಂದುಕೊಂಡೆ.

"ನಿನಗೇನೂ ಆಗಲಿಲ್ಲಲ್ಲಲೇ, ಪುಣ್ಯಾ ಮಾಡೀದಿ. ನನ್ನ ಬಾಜೂಕ ಕುಂತಿದ್ದಿ, ನನ್ನಿಂದ ನಿನಗೂ ಬಂತೇನೋ ಅಂತ ವರ್ಷಗಟ್ಟಲೆ ಹೆದರಿದ್ನಿ. ನಿನ್ನ ವಜೀಫಾ ಐತಿಲ್ಲೋ?"

"ಐತಿ," ಎಂದೆ.

"ಆ ಕೌದಿ?"

"ಐತಿ."

"ಭಾಳ ಬೆಚ್ಚಗಿತ್ತು ಬಿಡು," ಎಂದು ಅವನು ನನ್ನ ಬೊಗಸೆಗೆ ಮಂಡಾಳು ಸುರಿದ.