ಬಣ್ಣ ಹಿಡಿಯದ ಚೂರು

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಬಟ್ಟೆಗೆ ಬಣ್ಣ ಹಾಕುವವರು. ಮಾಸಿದ ಕೋಟು, ಬಿಸಿಲಿಗೆ ಬೆಳ್ಳಗಾದ ಪರದೆ, ಯಾರೂ ತೊಡಲೊಲ್ಲದ ಹಳದಿ ಪ್ಯಾಂಟು, ಏನೇ ಕೊಟ್ಟರೂ ಹಂಡೆಗೆ ಅದ್ದಿ ಹೊಸದು ಮಾಡಿಕೊಡುತ್ತಾರೆ. ಅಂಗಡಿಯ ಮುಂದೆ ಗಲ್ಲಾ, ಹಿಂದೆ ಹಬೆ. ಗಲ್ಲಾದಲ್ಲಿ ಕೂರುವವಳು ನಾನು, ಬೈಸಿಕೊಳ್ಳುವವಳೂ ನಾನೇ. ಭಾವ ಒದ್ದೆ ಬಟ್ಟೆಯನ್ನು ಬೆಳಕಿಗೆ ಎತ್ತಿ, ಕಣ್ಣು ಕಿರಿದು ಮಾಡಿ, "ಹಿಡೀತು ನೋಡು!" ಎಂದರೆ ಆ ದಿನ ಮನೆಮಂದಿಗೆಲ್ಲ ನೆಮ್ಮದಿ. "ಹಿಡೀಲಿಲ್ಲ" ಎಂದರೋ, ಮುಗೀತು, ಊಟದ ತಟ್ಟೆಗೂ ಬೈಗುಳ.

ಇಂಥ ಮಹಾನುಭಾವರಿಗೆ ಮೂತ್ರ ಕೆಂಪಗೆ ಹೋಗತೊಡಗಿತು. ಬೇರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತಿತ್ತು. ಇವರು, "ಕೆಂಪು ಹಂಡೆ ಹತ್ರಾನೇ ನಿಂತಿರ್ತೀನಲ್ಲ, ಒಳಗೆ ಹೋಗಿರುತ್ತೆ" ಎಂದು ತಮಗೆ ತಾವೇ ಡಾಕ್ಟರಾಗಿ, ನಮ್ಮ ಮುಂದೆ ಬಾಯಿಬಿಡದೆ, ಕೆಂಪು ಕೇಳಿ ಬಂದ ಗಿರಾಕಿಗಳನ್ನೆಲ್ಲ ವಾಪಸು ಕಳಿಸತೊಡಗಿದರು. ಅವರಿಗೆ ಸಬೂಬು ಹೇಳಿ ಹೇಳಿ ನನಗೆ ಸಾಕಾಗಿಹೋಯಿತು. ಅಂಗಡಿಯಲ್ಲಿ ಕೆಂಪು ನಿಂತಿತು, ಬಚ್ಚಲಲ್ಲಿ ನಿಲ್ಲಲಿಲ್ಲ. ಒಂದು ದಿನ ಅಕ್ಕನ ಕಣ್ಣಿಗೆ ಬಿತ್ತು. ಅವಳು ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ.

ಗಡ್ಡೆಯನ್ನು ಕೆರೆದು ತೆಗೆದು ಚೂರನ್ನು ಪರೀಕ್ಷೆಗೆ ಕಳಿಸಿದರು. ಆಮೇಲೆ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡು ಕಂಪ್ಯೂಟರ್ ತಿರುಗಿಸಿದರು. "ಗಡ್ಡೇಲಿ ಒಂದು ಪ್ರೋಟೀನ್ ಇದ್ಯಾ ಅಂತ ಹುಡುಕ್ತೀವಿ. ಅದು ಇರೋ ಕಡೆ ಬಣ್ಣ ಹತ್ತುತ್ತೆ."

ಪರದೆ ತುಂಬ ದಟ್ಟ ಕಂದು. ಭಾವ ಕುರ್ಚಿಯ ತುದಿಗೆ ಜರುಗಿದರು. "ಅಬ್ಬಬ್ಬಾ, ಏನ್ ಚೆನ್ನಾಗಿ ಹಿಡಿದಿದೆ ಡಾಕ್ಟ್ರೇ! ಅಂಚಿನ ತನಕ ಒಂದೇ ಸಮ. ಯಾರು ಹಾಕಿದ್ದು?"

ಡಾಕ್ಟರಮ್ಮ ನಗಲಿಲ್ಲ. "ಇಷ್ಟು ಗಾಢವಾಗಿ ಹಿಡೀಬಾರದಿತ್ತು. ಹೀಗಿದ್ರೆ ಗಡ್ಡೆ ಮತ್ತೆ ಬರೋ, ಹರಡೋ ಸಾಧ್ಯತೆ ಜಾಸ್ತಿ. ಬಂದೇ ಬರುತ್ತೆ ಅಂತಲ್ಲ. ಆದ್ರೆ ಅದು ಆಳಕ್ಕೂ ಇಳಿದಿದೆ. ಎರಡನ್ನೂ ಸೇರಿಸಿ ನೋಡಿದ್ರೆ ಮೂತ್ರಕೋಶ ಪೂರ್ತಿ ತೆಗೆಯೋದೇ ಒಳ್ಳೇದು. ಮೂತ್ರಕ್ಕೆ ಹೊಟ್ಟೆ ಮೇಲೆ ಒಂದು ಚೀಲ ಅಂಟಿಸ್ತೀವಿ."

ಹೊಗಳಿದ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು.

ಮನೆಗೆ ಬಂದಮೇಲೆ ಭಾವನದು ಒಂದೇ ರಾಗ. "ಉಚ್ಚೆ ಚೀಲ ಕಟ್ಕೊಂಡು ಗಿರಾಕಿಗಳ ಮುಂದೆ ನಿಲ್ಲಲಾ? ಸತ್ರೂ ಒಲ್ಲೆ."

"ಸಾಯೋದೇನು ಹಂಡೆಗೆ ಬಟ್ಟೆ ಅದ್ದಿದಷ್ಟು ಸುಲಭ ಅಂದ್ಕೊಂಡ್ರಾ ಭಾವ?" ಎಂದು ರೇಗಿದೆ. ಕೇಳಿದರೆ ತಾನೇ!

ಅಕ್ಕನಿಗೆ ಮಾತು ಕಡಿಮೆ. ಭಾವನ ಅಂಗಿ ಉಜ್ಜುತ್ತಿದ್ದವಳು ಬ್ರಷ್ ಕೆಳಗಿಟ್ಟಳು. "ಮದುವೆ ಆದಾಗಿಂದ ನಿಮ್ಮ ಬಣ್ಣ ತೊಳೀತಾ ಇದ್ದೀನಿ. ಒಂದಿನಾನಾದ್ರೂ ಮೂಗು ಮುರಿದಿದ್ದೀನಾ? ಆ ಚೀಲಾನೂ ತೊಳೀತೀನಿ. ನಂಗೆ ನೀವು ಬೇಕು ಕಣ್ರೀ." ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಉಕ್ಕಿ ಬಂತು.

ಭಾವ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅಂಗಿಯ ಇನ್ನೊಂದು ತೋಳನ್ನು ತಾವೇ ಉಜ್ಜತೊಡಗಿದರು. ಮಾರನೆಯ ದಿನ ಆಸ್ಪತ್ರೆಗೆ ಹೋಗಿ ಆಪರೇಷನ್‌ಗೆ ಒಪ್ಪಿಕೊಂಡು ಬಂದರು.

ಮೂತ್ರಕೋಶದ ಜೊತೆಗೆ ಅಕ್ಕಪಕ್ಕದ, ಎಲ್ಲರ ಮೈಯಲ್ಲೂ ಇರುವ, ಲಿಂಫ್ ನೋಡ್ ಎನ್ನುವ ಸಣ್ಣ ಗಂಟುಗಳನ್ನೂ ತೆಗೆದರು. ರೋಗ ಅಲ್ಲಿಗೂ ಹರಡಿದೆಯೇ ಎಂದು ತಿಳಿಯಲು ಆ ಚೂರುಗಳಿಗೂ ಅದೇ ಬಣ್ಣ ಹಾಕುತ್ತೇವೆ ಎಂದರು. ವರದಿ ಬರುವ ತನಕ ಭಾವ ಯಾರಿಗೂ ಬೈಯಲಿಲ್ಲ, ನನಗೆ ಕೂಡ. ನಿಜ ಹೇಳಬೇಕೆಂದರೆ ನನಗೆ ಭಯವಾದದ್ದು ಅದಕ್ಕೇ.

ಮತ್ತೆ ಅದೇ ಕೋಣೆ, ಅದೇ ಕಂಪ್ಯೂಟರ್. ಈ ಸಲ ಪರದೆಯೆಲ್ಲ ಪೇಲವ, ಎಲ್ಲೂ ಒಂದು ಚುಕ್ಕೆ ಕಂದು ಇಲ್ಲ. ಭಾವ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ಕೊನೆಗೆ ಮೆಲ್ಲಗೆ ಕೇಳಿದರು, "ಡಾಕ್ಟ್ರೇ... ಹಿಡಿದಿಲ್ವಾ?"

"ಇಲ್ಲ, ಎಲ್ಲೂ ಹಿಡಿದಿಲ್ಲ. ಹರಡಿರೋ ಹಾಗೆ ಕಾಣ್ತಿಲ್ಲ. ತಪಾಸಣೆಗೆ ಮಾತ್ರ ತಪ್ಪದೆ ಬರ್ತಾ ಇರ್ಬೇಕು."

ಭಾವ ಅಕ್ಕನ ಕಡೆ ತಿರುಗಿದರು. "ಹಿಡೀಲಿಲ್ಲ ಕಣೇ!" ಎಂದು ಗಟ್ಟಿಯಾಗಿ, ಮಗುವಿನ ಹಾಗೆ ಅತ್ತುಬಿಟ್ಟರು. ಆ ಮಾತು ಅವರ ಬಾಯಿಂದ ಬಂದ ದಿನ ನಾವೆಲ್ಲ ನೆಮ್ಮದಿಯಾಗಿ ಉಂಡದ್ದು ಅದೊಂದೇ ಸಲ.