ಅಮ್ಮನ ಎಂಜಲು ಪರೀಕ್ಷೆ

ಮಗಳು ಆನ್‌ಲೈನಿನಲ್ಲಿ ಡಿಎನ್‌ಎ ಕಿಟ್ ತರಿಸಿದ್ದು ಮನೆಯ ಹಳೆಯ ಜಗಳವೊಂದನ್ನು ಬಗೆಹರಿಸುವುದಕ್ಕೆ. ಕೋಲಾರದ ನಮ್ಮ ಮನೆಯಲ್ಲಿ ಅಡುಗೆಮನೆಯ ಮಾತು ತೆಲುಗು, ಹಜಾರದ ಮಾತು ಕನ್ನಡ. ಹಿರಿಯರು ಆಂಧ್ರದ ಕಡೆಯವರೋ ಇಲ್ಲಿಯವರೋ ಎಂಬ ವಾದ ಹಬ್ಬಕ್ಕೊಮ್ಮೆ ಎದ್ದು, ಯಾರಾದರೊಬ್ಬರ ಮುಖ ಊದಿಸಿಯೇ ಮುಗಿಯುತ್ತಿತ್ತು. ಮಗಳು, ನಾನು, ನನ್ನ ಅಮ್ಮ ಮೂವರೂ ಪುಟ್ಟ ಕೊಳವೆಗೆ ಎಂಜಲು ಉಗುಳಿ ಕಳಿಸಿದೆವು. ಅಮ್ಮನಂತೂ ಎಲೆಅಡಿಕೆ ಬಿಟ್ಟು, ಬಾಯಿ ಮುಕ್ಕಳಿಸಿ, ಪೂಜೆಗೆ ಕೂತಷ್ಟು ಶ್ರದ್ಧೆಯಿಂದ ಉಗುಳಿದಳು.

ಫಲಿತಾಂಶದಲ್ಲಿ ಮಗಳು ನನ್ನ ಮಗಳೇ ಆಗಿದ್ದಳು. ಅಮ್ಮ ಮಾತ್ರ ನಮ್ಮಿಬ್ಬರಿಗೂ ಏನೂ ಆಗಿರಲಿಲ್ಲ. ಕೊಳವೆ ಅದಲುಬದಲಾಗಿದೆ ಎಂದು ರೇಗಿ ಇನ್ನೊಮ್ಮೆ ಕಿಟ್ ತರಿಸಿದೆ. ಉತ್ತರ ಅದೇ ಬಂತು. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಅನುವಂಶೀಯತೆಯ ಪಾಠ ಮಾಡಿದವಳು ನಾನು. ಬೋರ್ಡಿನ ಮೇಲೆ ಬಟಾಣಿ ಗಿಡ ಬರೆದು, ಅಪ್ಪ ಅಮ್ಮ ಯಾರೆಂದು ಮುಚ್ಚಿಡಲು ಯಾರಿಗೂ ಆಗದು ಎಂದು ಮಕ್ಕಳನ್ನು ನಗಿಸುತ್ತಿದ್ದೆ. ಈಗ ನಗು ಬರಲಿಲ್ಲ. ಮೊದಲು ಸಿಟ್ಟು ಬಂತು, ಆಮೇಲೆ ಭಯ. ಕೇಳಿಬಿಟ್ಟರೆ ಅಮ್ಮ ನನ್ನ ಅಮ್ಮನಾಗಿ ಉಳಿಯುವುದಿಲ್ಲವೇನೋ ಎನ್ನಿಸಿ ಬಾಯಿ ಮುಚ್ಚಿಕೊಂಡೆ.

ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅವಳೇ ಕೇಳಿದಳು.

"ಎಂಜಲು ಪರೀಕ್ಷೆ ಏನಾಯ್ತು ಕಣೇ? ನಾನೂ ನೀನೂ ಒಂದೇ ಅಂತ ಬಂತಾ?"

ಹೂಂ ಅನ್ನೋಣವೆಂದು ಬಾಯಿ ತೆರೆದೆ, ಆಗಲಿಲ್ಲ. "ಇಲ್ಲಮ್ಮ" ಎಂದೆ.

ಅಮ್ಮನ ಕೈ ನಿಂತಿತು. "ಮೂರು ವರ್ಷ ಎದೆಹಾಲು ಕುಡ್ಸಿದೀನಲ್ಲೇ. ಅದಕ್ಕೆ ಹಾಲು ಗೊತ್ತಾಗಲ್ವಾ?"

ಅಷ್ಟು ಧೈರ್ಯವಾಗಿ ಉಗುಳಿದ್ದೇಕೆ ಎಂದು ಆಗ ತಿಳಿಯಿತು. ಹಾಲು ರಕ್ತವಾಗುತ್ತದೆ, ನಾನು ಎಂದೋ ಪೂರ್ತಿ ಅವಳ ಮಗಳೇ ಆಗಿಬಿಟ್ಟಿದ್ದೇನೆ ಎಂದೇ ಅವಳು ನಂಬಿದ್ದಳು.

ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ನೆರೆಯವರಿಗೆ ಮಾರುವ ಶಾಸ್ತ್ರ ನಮ್ಮ ಕಡೆ ಇತ್ತು. ಅವರು ತೌಡು ಕೊಟ್ಟು ಕೊಂಡು, ಮತ್ತೆ ತಾಯಿಗೇ ಒಪ್ಪಿಸುತ್ತಿದ್ದರು. ತೌಡಿನ ಬೆಲೆಯ ಮಗುವನ್ನು ಸಾವು ಮೂಸಿಯೂ ನೋಡುವುದಿಲ್ಲವಂತೆ. ನಾನೂ ತೌಡಿಗೆ ಬಂದವಳೆಂದು ಅಮ್ಮ ಹೇಳುತ್ತಿದ್ದಳು, ನಾವು ಗೇಲಿ ಮಾಡುತ್ತಿದ್ದೆವು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂದು ಈಗ ಅವಳ ಬಾಯಿಂದಲೇ ತಿಳಿಯಿತು. ಕೊಂಡವಳು ಅಮ್ಮ, ಮತ್ತೆ ಒಪ್ಪಿಸೋಣವೆಂದರೆ ಅಲ್ಲಿ ತಾಯಿ ಇರಲಿಲ್ಲ. ಆಗ ಅಪ್ಪ ಅಮ್ಮ ಇದ್ದದ್ದು ಮುಳಬಾಗಿಲಿನಾಚೆ, ಗಡಿಯ ಒಂದು ಊರಿನಲ್ಲಿ. ಪಕ್ಕದ ಮನೆಯಾಕೆ ನನ್ನನ್ನು ಹೆತ್ತು ತೀರಿಕೊಂಡಳು. ಅದೇ ವಾರ ಅಮ್ಮನ ಕೂಸೂ ಹೋಗಿತ್ತು. ನನ್ನನ್ನು ಎತ್ತಿಕೊಂಡು ಅವರು ಕೋಲಾರಕ್ಕೆ ಬಂದುಬಿಟ್ಟರು.

"ನಿಮ್ಮಕ್ಕ ಒಬ್ಳು ಅಲ್ಲೇ ಅವ್ಳೆ. ಸೋದರಮಾವನ್ನೇ ಮದ್ವೆ ಆಗಿ ಅದೇ ಮನೇಲಿ ಉಳ್ಕೊಂಡ್ಳಂತೆ" ಎಂದಳು ಅಮ್ಮ, ಅವರೆ ಸಿಪ್ಪೆಯನ್ನೇ ನೋಡುತ್ತಾ. "ಹೋಗಿ ನೋಡ್ಕೊಂಡು ಬಾ. ವಾಪಸ್ ಬರ್ತೀಯ ಅಲ್ವಾ?"

"ನೀನಿಲ್ದೆ ನಾನ್ಯಾಕೆ ಹೋಗ್ಲಿ?" ಎಂದು ಗದರಿದೆ. ಗದರದಿದ್ದರೆ ಅತ್ತುಬಿಡುತ್ತಿದ್ದೆ.

ಕೊನೆಗೆ ಇಬ್ಬರೂ ಬಸ್ಸು ಹತ್ತಿ ಆ ಊರಿಗೆ ಹೋದೆವು. ಅಂಗಳದ ಟೊಮೆಟೊ ಕ್ರೇಟುಗಳ ನಡುವಿನಿಂದ ಎದ್ದುಬಂದ ಹೆಂಗಸಿಗೆ ನನ್ನದೇ ಹಣೆ, ನನ್ನದೇ ಗಲ್ಲ. ನಾನು ಯಾರೆಂದು ಅಮ್ಮ ಹೇಳಿದಳು. ಅಕ್ಕ ನನ್ನ ಕೆನ್ನೆ ಸವರಿ, "ಬದುಕವ್ಳೆ ಅಂತ ಗೊತ್ತಿತ್ತು, ಹುಡ್ಕೋದು ಎಲ್ಲಿ ಅಂತ ಗೊತ್ತಿರ್ಲಿಲ್ಲ" ಎಂದು ಅತ್ತಳು. ನಾನೂ ಅತ್ತೆ. ಅಮ್ಮ ಮಾತ್ರ ತನ್ನ ಪಾಲು ಮುಗಿಯಿತು ಎಂಬಂತೆ ಬಾಗಿಲ ಹತ್ತಿರವೇ ಕೂತಿದ್ದಳು. ಅಕ್ಕ ಬಡಿಸಿದ ಮುದ್ದೆಯನ್ನೂ ಅರ್ಧಕ್ಕೇ ಬಿಟ್ಟಳು.

ಹೊರಡುವಾಗ ಅಕ್ಕ ತಟ್ಟೆಯಲ್ಲಿ ಮಡಿಲಕ್ಕಿ ತಂದಳು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ. ತವರಿಗೆ ಬಂದ ಮಗಳನ್ನು ಬರಿ ಮಡಿಲಲ್ಲಿ ಕಳಿಸುವಂತಿಲ್ಲ. ನಾನು ಸೆರಗು ಹಿಡಿದು ನಿಂತೆ. ಅವಳು ನನ್ನನ್ನು ದಾಟಿ ಅಮ್ಮನ ಮುಂದೆ ನಿಂತಳು. ಅಪ್ಪ ಹೋದ ಮೇಲೆ ಯಾರೂ ಅಮ್ಮನ ಮಡಿಲು ತುಂಬಿರಲಿಲ್ಲ. ಅವಳು ಹಿಂದಕ್ಕೆ ಸರಿದಳು.

"ನಂಗ್ಯಾಕಮ್ಮ? ನಂಗೆ ಕೊಡಬಾರ್ದು."

"ನಮ್ಮಮ್ಮನ ಕೂಸ್ನ ಉಳಿಸ್ದೋಳು ನೀನು ಚಿಕ್ಕಮ್ಮ. ಇದು ನಿನ್ನ ತವರು. ಹಿಡಿ ಸೆರಗು."

ಅಮ್ಮ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಸೆರಗು ಚಾಚಿದಳು. ನನ್ನ ಸರದಿ ಆಮೇಲೆ ಬಂತು.

ಬಸ್ಸಿನಲ್ಲಿ, "ಭಾರ ಆಗುತ್ತೆ, ಆ ಗಂಟು ಇಲ್ಲಿ ಕೊಡಮ್ಮ" ಎಂದೆ.

"ನನ್ನ ತವರಿಂದು ನಾನೇ ಹೊರ್ತೀನಿ, ನಿಂದು ನೀನು ನೋಡ್ಕೋ" ಎಂದಳು. ಕೋಲಾರ ಬರುವವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.