ಓರೆ ನಿಂತ ಸ್ಕೋರ್‌ಬೋರ್ಡು

ಕಾಪುವಿನ ನಮ್ಮ ವಾಲಿಬಾಲ್ ಮೈದಾನಕ್ಕೆ ದೀಪದ ಸ್ಕೋರ್‌ಬೋರ್ಡು ಮಾಡಿಕೊಟ್ಟವರು ಟಿ.ವಿ. ರಿಪೇರಿಯವರು. ಹೊಸದು ಕೊಳ್ಳುವ ತಾಕತ್ತು ಕ್ಲಬ್ಬಿಗಿರಲಿಲ್ಲ. ಹಳೆಯ ಫ್ರಿಜ್ಜುಗಳ ತಗಡಿಗೆ ತೂತು ಕೊರೆದು, ಮದುವೆಮನೆಯ ಸೀರಿಯಲ್ ಬಲ್ಬು ಸಿಕ್ಕಿಸಿ, ಆಳೆತ್ತರದ ಅಂಕಿ ಮೂಡಿಸಿದರು. ಪಂದ್ಯಾಟಕ್ಕೆಂದು ಕಂಬಕ್ಕೇರಿಸುವಾಗ ಮಾತ್ರ ಪ್ರತಿ ವರ್ಷವೂ ಅದನ್ನು ರಸ್ತೆಯಾಚೆಯ ತಮ್ಮ ಮನೆಯತ್ತ ತಿರುಗಿಸುತ್ತಿದ್ದರು.

“ಎಂತ ಇದು, ನಮಗೆ ಸರಿ ಕಾಣುವುದೇ ಇಲ್ಲ!” ಎಂದು ಜನ ಕೂಗುತ್ತಿದ್ದರು.

“ಸ್ವಲ್ಪ ಓರೆ ಇರಲಿ ಮಾರಾಯ್ರೆ,” ಎಂದು ಅವರು ನಗುತ್ತಿದ್ದರು.

ಆ ಮನೆಯ ಕಿಟಕಿಯ ಬಳಿ, ತೆಂಗಿನಮರದಿಂದ ಬಿದ್ದು ಸೊಂಟ ಮುರಿದುಕೊಂಡ ಅವರ ಮಗ ಮಲಗಿರುತ್ತಿದ್ದ. ಮೊದಲು ನಮ್ಮ ತಂಡದಲ್ಲೇ ಆಡುತ್ತಿದ್ದವನು. ನಮಗೆ ಅಂಕ ಬಂದಾಗಲೆಲ್ಲ ಅಲ್ಲಿಂದ ಶಿಳ್ಳೆ ಕೇಳಿಸುತ್ತಿತ್ತು.

ಮಗ ತೀರಿಹೋದ ವರ್ಷವೂ ಅವರು ಏಣಿ ಹೊತ್ತು ಬಂದರು. ನಾವು ಬೋರ್ಡನ್ನು ಎಂದಿನಂತೆ ಕಿಟಕಿಯತ್ತಲೇ ಓರೆಯಾಗಿ ಹಿಡಿದೆವು. ಅವರು ಮೆಲ್ಲನೆ ಅದನ್ನು ಮೈದಾನದತ್ತ ತಿರುಗಿಸಿ ಬಿಗಿದರು.

“ಇನ್ನು ನಿಮಗೇ ಕಾಣಲಿ ಮಾರಾಯ್ರೆ.”